ಹತ್ತನೆಯ ಚುಕ್ಕೆ

ಯಾರ ರಕ್ತವೋ ನೀನು, ನನಗೆ ಹೇಳಿಲ್ಲ.
ಡಬ್ಬಿಯ ಮೇಲೆ ಲಾಟ್ ನಂಬರು, ಮುಗಿಯುವ ತಾರೀಖು,
ನಿನ್ನ ಸರಾಸರಿ: ನೂರ ಅರವತ್ತೆಂಟು.
ಕಾಯಿಲೆಯಿಲ್ಲ ಕಸಾಲೆಯಿಲ್ಲ, ಹೆಸರಿಲ್ಲ ಹೆತ್ತವರಿಲ್ಲ.
ನಿನ್ನೆಯಂತೆ ಇವತ್ತೂ ಇರುವುದಷ್ಟೇ
ಈ ಭೂಮಿಯ ಮೇಲೆ ನಿನಗೆ ಕೆಲಸ.

ಮೊಖೋಟ್ಲಾಂಗಿನಲ್ಲಿ ಜೂನ್ ಎಂದರೆ ನಲ್ಲಿಯೊಳಗೆ ನೀರು ಗಾಜು.
ಸೀಮೆಎಣ್ಣೆ ಹೀಟರು ಹೊತ್ತಿಸಿ, ಕಂಬಳಿಯ ಪಿನ್ನು ಬಿಚ್ಚುವ ಮೊದಲೇ
ಫ್ರಿಜ್ಜಿನಿಂದೆತ್ತಿ ನಿನ್ನನ್ನು ಅಂಗೈಗಳ ನಡುವೆ ಹೊರಳಿಸುತ್ತೇನೆ.
ಕುಲುಕಬಾರದು. ಹತ್ತು ಸಲ ಮೆಲ್ಲಗೆ ಮಗುಚಬೇಕು,
ನಿದ್ದೆಯ ಕೂಸನ್ನು ಈ ಹೆಗಲಿಂದ ಆ ಹೆಗಲಿಗೆ ದಾಟಿಸಿದ ಹಾಗೆ.
ಐವತ್ತು ಮೈಕ್ರೋಲೀಟರ್. ಬಣ್ಣ. ಕತ್ತಲಲ್ಲಿ ಕಾಯುವ ಹೊತ್ತು.
ಯಂತ್ರ ನಿನ್ನ ಸಿಡಿ-ಫೋರ್ ಎಣಿಸುತ್ತದೆ,
ನಾನು ಗ್ರಾಫಿನ ಮೇಲೆ ಒಂದು ಚುಕ್ಕೆ ಇಡುತ್ತೇನೆ.
ನೀನು ಸರಿಯಿದ್ದರೆ ಮಾತ್ರ ಉಳಿದವರ ಸರದಿ.

ಕಣಿವೆ ದಾಟಿ ಬರುತ್ತಾನೆ ತ್ಸೊಟ್ಲೆಹೋ, ಕುದುರೆಯ ಮೂಗಿನಲ್ಲಿ ಹಿಮ,
ರಕ್ತ ಮಂಜಾಗದಿರಲೆಂದು ಪೆಟ್ಟಿಗೆಯನ್ನು
ಕಂಬಳಿಯೊಳಗೆ ಹೊಟ್ಟೆಗವಚಿಕೊಂಡು.
"ಹದಿನಾಲ್ಕು ಮಂದಿ," ಎನ್ನುತ್ತಾನೆ.
ಸೀಸೆ ಎನ್ನುವುದಿಲ್ಲ.

ನೂರ ಅರವತ್ತೊಂದು. ನೂರ ಐವತ್ತೊಂಬತ್ತು. ಅರವತ್ತಮೂರು.
ಮತ್ತೆ ಐವತ್ತೊಂಬತ್ತು.
ಒಂದೂ ಕೆಂಪು ಗೆರೆ ಮುಟ್ಟಿಲ್ಲ, ಯಂತ್ರ ಕೂಗಿಲ್ಲ.
ಹತ್ತನೆಯ ಚುಕ್ಕೆ ಇಟ್ಟು ಪೆನ್ಸಿಲು ಎತ್ತಿದಾಗ ಕಂಡಿತು:
ಹತ್ತೂ ನಡುಗೆರೆಯ ಕೆಳಗೇ,
ಗಾಳಿಗೆ ಬೆನ್ನು ಕೊಟ್ಟು ಒಂದೇ ಪಕ್ಕಕ್ಕೆ ನಿಂತ ಕುರಿಗಳು.

"ಗೆರೆಯೊಳಗೇ ಇದೆಯಲ್ಲ ಔಸಿ," ಎಂದ ಖೊಥಾತ್ಸೊ,
ಹೋದ ತಿಂಗಳು ಕಲಿಯಲು ಸೇರಿದ ಹುಡುಗ.
ಒಳಗೇ ಇದೆ ತಮ್ಮ. ಒಳಗಿದ್ದೇ ಜಾರುತ್ತಿದೆ.
ಸರಿಯಾದ ಸಂಖ್ಯೆ ಒಂಚೂರು ತೂರಾಡಬೇಕು, ಆಚೆಗೆ, ಈಚೆಗೆ;
ಒಂದೇ ಕಡೆ ವಾಲಿದರೆ ಕೆಳಗೆ ನೆಲವೇ ಇಳಿಜಾರು.

ನಿಲ್ಲಿಸಿದೆ. ಬಾಗಿಲಿಗೆ ಚೀಟಿ: ಇವತ್ತು ವರದಿ ಇಲ್ಲ.
ಮೊದಲು ಅವನ ಕೈಯನ್ನೇ ಅನುಮಾನಿಸಿದೆ. ಹೊಸ ಕೈ, ಸುಲಭ.
ಅವನು ಮಾಡಿದ: ನೂರ ಅರವತ್ತೊಂಬತ್ತು.
ನಾನು ಮಾಡಿದೆ: ನೂರ ಐವತ್ತೆಂಟು.
ಮತ್ತೆ ಅವನು. ಮತ್ತೆ ನಾನು.
ಹನ್ನೊಂದು ವರ್ಷ ಪಳಗಿದ ಕೈ ಕಣ್ಣೆದುರೇ ಸುಳ್ಳು ಹೇಳಿತು.

ಟಿಶ್ಯೂ.
ಮಸೇರುವಿನಿಂದ ಬಂದ ಹೊಸ ಕಟ್ಟು, ಮೆತ್ತಗೆ, ದಪ್ಪಗೆ.
ಪಿಪೆಟ್ಟಿನ ತುದಿ ಒರೆಸುವಾಗ ಬಾಯಿಗೆ ತಗುಲಿ
ಗುಟುಕು ಹೀರುತ್ತಿತ್ತು, ಹೇಳದೆ ಕೇಳದೆ.
ಅವನು ಪಕ್ಕಗಳನ್ನಷ್ಟೇ ಒರೆಸುತ್ತಿದ್ದ, ಕೈಪಿಡಿಯಲ್ಲಿದ್ದ ಹಾಗೆ.
ನಾನು ಕೈಪಿಡಿ ತೆರೆದು ಎಷ್ಟು ಕಾಲವಾಯಿತೋ.
ಹಳೆಯ ಒರಟು ಕಾಗದ ಇಷ್ಟು ವರ್ಷ ನನ್ನ ಮಾನ ಕಾಯುತ್ತಿತ್ತು.

ಹತ್ತು ದಿನದ ಪಟ್ಟಿ. ತೊಂಬತ್ತೊಂದು ಹೆಸರು.
ಹಳೆಯ ರಕ್ತವನ್ನು ಮತ್ತೆ ಎಣಿಸಲಾಗದು,
ಎರಡು ದಿನಕ್ಕೆ ಅದರ ಮಾತು ಮುಗಿಯುತ್ತದೆ.
ಇನ್ನೂರರ ಹೊಸ್ತಿಲಲ್ಲಿ ನಿಂತವರು ಏಳು ಮಂದಿ.
ಏಳು ಕಾಗದ ಬರೆಸಿದೆ. "ತಪ್ಪು ನಮ್ಮದು" ಎಂದು ಬರೆದಿದ್ದ ಖೊಥಾತ್ಸೊ;
ಪೆನ್ನು ಇಸಕೊಂಡು "ನನ್ನದು" ಎಂದು ತಿದ್ದಿದೆ,
ಏಳರಲ್ಲೂ.

ಮೊದಲು ಬಂದವಳು ಮಮೊತೆನಾ, ಮೊಮ್ಮಗನ ಹೆಗಲು ಹಿಡಿದು.
ಆವತ್ತು ನೂರ ತೊಂಬತ್ತಾರು ಎಂದಿದ್ದೆವು.
ಇವತ್ತು, ಒಪ್ಪವಾಗಿ ಒರೆಸಿ, ಎರಡೆರಡು ಸಲ ನೋಡಿ,
ನೂರ ತೊಂಬತ್ತೊಂದು.
"ಇಷ್ಟಕ್ಕೆ ಎರಡು ಬೆಟ್ಟ ಇಳಿಸಿದೆಯಾ ಮಗಳೇ?"
ಏನು ಹೇಳಲಿ. ರಾತ್ರಿ ನಿದ್ದೆ ಬಂದಿಲ್ಲವೇನೋ, ನೆಗಡಿಯೇನೋ,
ಬದುಕಿರುವ ಮೈ ಏರುತ್ತದೆ, ಇಳಿಯುತ್ತದೆ, ಅದಕ್ಕೆ ಹಕ್ಕಿದೆ.
ಅಳೆಯುವವಳಿಗಿಲ್ಲ.
ಸೂಜಿ ಚುಚ್ಚಿದಲ್ಲಿ ಹತ್ತಿ ಒತ್ತಿಕೊಂಡು ಅವಳೆಂದಳು:
"ಕುರಿ ಎಣಿಸುವವನು ದೊಡ್ಡಿಯ ಬಾಗಿಲಲ್ಲೇ ನಿಲ್ಲಬೇಕು.
ನಡುವೆ ಓಡಾಡಿದರೆ ತನ್ನನ್ನೂ ಎಣಿಸಿಬಿಡುತ್ತಾನೆ."

ನಿನ್ನ ತಳದಲ್ಲಿನ್ನು ನಾಲ್ಕೈದು ದಿನಕ್ಕಾಗುವಷ್ಟಿದೆ.
ಸೋಮವಾರ ಹೊಸ ಲಾಟು ಬರುತ್ತದೆ; ನಿನ್ನ ಪಕ್ಕದಲ್ಲಿ ಕೂರಿಸಿ ಎಣಿಸಬೇಕು,
ನೀನು ಸಾಕ್ಷಿ ಹೇಳಿದ ಮೇಲೆಯೇ ಅದಕ್ಕೆ ಅಧಿಕಾರ.
ಆಮೇಲೆ ಬ್ಲೀಚಿನ ಬಕೆಟ್ಟು. ನಿನಗದು ಗೊತ್ತಿಲ್ಲ, ಒಳ್ಳೆಯದೇ.

ಇವತ್ತು ನೂರ ಎಪ್ಪತ್ತೊಂದು. ಗೆರೆಯ ಮೇಲೆ.
ಚುಕ್ಕೆ ಇಡುವಾಗ ಪೆನ್ಸಿಲಿನ ಮೊನೆ ಮುರಿಯಿತು.
ಖೊಥಾತ್ಸೊ ಮಾತಾಡದೆ
ತನ್ನದನ್ನು ಮುಂದೆ ಚಾಚಿದ.